ವೈಟ್ ವಿಡೋ ಹಾಕಿದ್ದೇನೆ: ಎರಡು ಗಿಡ ಹೂ ಬಿಟ್ಟಿವೆ, ಇನ್ನೆರಡು ಜಪ್ಪಯ್ಯ ಅಂದರೂ ಬಿಡುತ್ತಿಲ್ಲ

ಮಿಸ್ಸಿಸಾಗಾ_ಮಾವ
ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಬೀಜವೂ ಪರವಾನಗಿ ಇರುವ ಅಂಗಡಿಯದ್ದೇ. ಹಾಗಾಗಿ ‘ಪೊಲೀಸ್ ಬರ್ತಾರೆ’ ಅನ್ನುವವರು ದಯವಿಟ್ಟು ಬೇರೆ ಚರ್ಚೆ ನೋಡಿಕೊಳ್ಳಿ.

ತಳಿ ವೈಟ್ ವಿಡೋ. ಪೊಟ್ಟಣದ ಮೇಲೆ ‘ಹೈಬ್ರಿಡ್, ಇಂಡಿಕಾ–ಸಟೈವಾ ಸಮಸಮ, ಹೆಣ್ಣು ಬೀಜ, ಹೂವಿನ ಅವಧಿ 8ರಿಂದ 9 ವಾರ’ ಅಂತಿದೆ (ಇಂಡಿಕಾ, ಸಟೈವಾ ಅಂದರೆ ಅಂಗಡಿಯವರು ಹೇಳುವ ಗಾಂಜಾದ ಎರಡು ಬಗೆ). ಮೇ ಕೊನೆಯಲ್ಲಿ ಟೊಮೇಟೊ ಸಸಿಯ ಜೊತೆಗೇ ಹಿತ್ತಲಲ್ಲಿ ನೆಟ್ಟೆ. ನಾಲ್ಕೂ ಸೊಗಸಾಗಿ ಎದ್ದವು. ಬೇಲಿ ಪಕ್ಕದ ಎರಡಕ್ಕೆ ಆಗಸ್ಟ್ ಮಧ್ಯಕ್ಕೆಲ್ಲ ಗೆಣ್ಣುಗಳಲ್ಲಿ ಬಿಳಿ ಎಳೆ ಕಾಣಿಸಿತು, ಈಗ ಗೊಂಚಲು ಕಟ್ಟಿವೆ. ಗ್ಯಾರೇಜ್ ಗೋಡೆ ಪಕ್ಕದ ಎರಡು ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತಾ ನನ್ನೆತ್ತರ ಆಗಿವೆ, ಹೂವಿನ ಸುಳಿವೇ ಇಲ್ಲ. ಸೆಪ್ಟೆಂಬರ್ ಎರಡನೇ ವಾರ ಬಂತು. ಅಕ್ಟೋಬರಿನಲ್ಲಿ ಹಿಮ ಬಿದ್ದರೆ ಎಲ್ಲ ಹೋಯಿತು.

ಒಂದೇ ಪೊಟ್ಟಣ, ಒಂದೇ ಮಣ್ಣು, ಒಂದೇ ಗೊಬ್ಬರ. ಹೈಬ್ರಿಡ್ ಅಂದಮೇಲೆ ನಾಲ್ಕೂ ಒಂದೇ ಥರ ಇರಬೇಕಲ್ಲವಾ? ಇನ್ನೊಂದು ಪ್ರಶ್ನೆ: ಇದರಲ್ಲೇ ಬೀಜ ಕಟ್ಟಿಸಿ ಮುಂದಿನ ವರ್ಷ ಹಾಕಿದರೆ ಇದೇ ತಳಿ ಬರುತ್ತದಾ?

ಕೋಲಾರದ_ಕುಡಿ
ಟೊಮೇಟೊ ಪಕ್ಕ ಗಾಂಜಾ! ನಮ್ಮೂರಲ್ಲಿ ಟೊಮೇಟೊ ರೇಟು ಕೇಳಿದ್ರೇನೇ ತಲೆ ತಿರುಗುತ್ತೆ ಮಾವ, ಬೇರೇನೂ ಬೇಕಾಗಿಲ್ಲ.

ನಿವೃತ್ತ_ಮೇಷ್ಟ್ರು
ಕನ್ನಡಿಗರು ಹೊರದೇಶಕ್ಕೆ ಹೋಗಿ ಮಾಡುವ ಘನಂದಾರಿ ಕೆಲಸ ಇದು. ಹಿತ್ತಲಲ್ಲಿ ಬಸಳೆ ಹಬ್ಬಿಸಿ, ಮೆಂತ್ಯ ಚೆಲ್ಲಿ. ಮನೆಯಲ್ಲಿ ಮಕ್ಕಳಿಲ್ಲವೇ?

ಮಿಸ್ಸಿಸಾಗಾ_ಮಾವ
ಮಕ್ಕಳು ದೊಡ್ಡವರಾಗಿ ಬೇರೆ ಊರಿನಲ್ಲಿದ್ದಾರೆ ಮೇಷ್ಟ್ರೇ. ಬಸಳೆಯೂ ಇದೆ. ಚಳಿಗೆ ಅದೂ ಹೋಗುತ್ತದೆ.

ಹತ್ತಿ_ಹೊಲ
ಮಾವ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಾಗ ತಳಿಶಾಸ್ತ್ರ ಓದಿದಾಂವ ನಾನು. ನಿಮ್ಮ ಪೊಟ್ಟಣದ ಮ್ಯಾಲಿನ ‘ಹೈಬ್ರಿಡ್’ ಮತ್ತ ನಾವು ಹೊಲದಾಗ ಬಿತ್ತೋ ಹೈಬ್ರಿಡ್ ಒಂದ ಅಲ್ರೀ.

ನಮ್ಮ ವರಲಕ್ಷ್ಮಿ ಹತ್ತಿ ನೋಡ್ರಿ. 1972ರಾಗ ಧಾರವಾಡದಾಗ ಡಾ. ಬಿ. ಎಚ್. ಕಟರಕಿ ಅವರು ತೆಗೆದದ್ದು. ಲಕ್ಷ್ಮಿ ಅನ್ನೋ ಅಮೆರಿಕನ್ ಹತ್ತಿ ಒಂದು ಕಡೆ, ಉದ್ದ ಎಳೆಯ ಬಾರ್ಬಡೆನ್ಸ್ ಜಾತಿ ಇನ್ನೊಂದು ಕಡೆ. ಎರಡೂ ತಳಿ ಮೊದಲ ಶುದ್ಧ ಮಾಡಿ ಇಟ್ಟಿರ್ತಾರ. ಸಂಜಿಗೆ ಮೊಗ್ಗಿನ ಕೇಸರ ಕಿತ್ತು ಮುಚ್ಚಿ, ಮರುದಿನ ಮುಂಜಾನೆ ಇನ್ನೊಂದರ ಪರಾಗ ಮುಟ್ಟಿಸ್ತಾರ. ಹಂಗ ಬಂದ ಬೀಜ ಬಿತ್ತಿದರ ಹೊಲ ಪೂರಾ ಒಂದ ಅಳತಿ, ಒಂದ ಹೊತ್ತಿಗೆ ಹೂವು.

ಗಾಂಜಾದಾಗ ಹಂಗಿಲ್ಲ. ಅದರಾಗ ಗಂಡು ಗಿಡ ಬ್ಯಾರೆ, ಹೆಣ್ಣು ಗಿಡ ಬ್ಯಾರೆ, ಪರಾಗ ಗಾಳಿ ಮ್ಯಾಲೆ ಹೋಗ್ತದ. ಹಿಂಗಾಗಿ ಶುದ್ಧ ತಳಿ ಕಟ್ಟೋದ ಕಷ್ಟ. ಎಲ್ಲಿಂದಲೋ ತಂದ ಎರಡು ಗಿಡ ಕೂಡಿಸಿ, ಅದರ ಮಕ್ಕಳನ್ನ ಮತ್ತೊಂದಕ್ಕ ಕೂಡಿಸಿ, ಚಲೋ ಕಂಡದ್ದನ್ನ ಇಟ್ಟುಕೊಂಡು ಬಂದದ್ದು. ಒಂದ ಪೊಟ್ಟಣದಾಗ ಅಣ್ಣತಮ್ಮಂದಿರಷ್ಟು ವ್ಯತ್ಯಾಸ ಇರೂದ. ನಿಮ್ಮ ಎರಡು ಗಿಡ ಬ್ರೆಜಿಲ್ ಅಜ್ಜಿ ಮ್ಯಾಲೆ ಹೋಗ್ಯಾವ, ಅದಕ್ಕ ತಡ. ನನ್ನ ಲೆಕ್ಕ ಇಷ್ಟ.

ಬರ್ಲಿನ್_ಬಸ್ಯಾ
ಬ್ರೆಜಿಲ್ ಅಜ್ಜಿ, ಸರಿ. ಅಜ್ಜ ಯಾರು ಗೊತ್ತಾ? ವೈಟ್ ವಿಡೋ 90ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಹೊರಬಂದ ತಳಿ. 1995ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಾಂಜಾ ತಳಿಗಳ ಸ್ಪರ್ಧೆ ‘ಕ್ಯಾನಬಿಸ್ ಕಪ್’ ಗೆದ್ದಿತು. ಹೆಣ್ಣು ಬ್ರೆಜಿಲಿನದು, ಗಂಡು ನಮ್ಮ ಪಕ್ಕದ ಕೇರಳದ ಬೆಟ್ಟದ್ದು ಅಂತ ಅದನ್ನು ತಂದ ಶಾಂತಿಬಾಬಾ ಎಂಬ ಆಸ್ಟ್ರೇಲಿಯಾದವ ಹೇಳಿಕೊಳ್ಳುತ್ತಾನೆ. ತಳಿ ತೆಗೆದದ್ದು ನಾನು ಅಂತ ಡಚ್ಚಿನವನೊಬ್ಬ ಇನ್ನೊಂದು ಕಥೆ ಹೇಳುತ್ತಾನೆ, ಆ ಜಗಳ ಇನ್ನೂ ಮುಗಿದಿಲ್ಲ.

ಮಾವ, ಒಂದೇ ಪ್ರಶ್ನೆ. ಗ್ಯಾರೇಜ್ ಗೋಡೆ ಅಂದ್ರಲ್ಲ, ಅಲ್ಲಿ ರಾತ್ರಿ ದೀಪ ಉರಿಯುತ್ತಾ?

ಕುಡ್ಲದ_ಕುಳ್ಳ
ಅಯ್ಯೋ ಮಾರಾಯ್ರೆ, ಕೇರಳದ ಗಿಡ ಹಾಲೆಂಡಿಗೆ ಹೋಗಿ, ಹೆಸರು ಬದಲಾಯಿಸಿಕೊಂಡು, ಕೆನಡಾದಲ್ಲಿ ಕನ್ನಡದವರ ಹಿತ್ತಲಿಗೆ ಬಂದು ಕೂತಿತಲ್ಲ. ಇದಕ್ಕೆ ವೀಸಾ ಯಾರು ಕೊಟ್ಟದ್ದು?

ಗಿಡಮೂಲಿಕೆ
ನನಗೊಂದು ಅರ್ಥವಾಗಲ್ಲ. ಕೇರಳದ ಆ ಗಂಡನ್ನು ‘ದಕ್ಷಿಣ ಭಾರತದ ಇಂಡಿಕಾ’ ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಇಡುಕ್ಕಿ ಕಡೆಯ ನಾಟಿ ಗಿಡ ಎಲೆ ಸಪೂರ, ಎತ್ತರ ಜಾಸ್ತಿ, ಹೂವಿಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತೆ. ಅಂಗಡಿಯವರ ಲೆಕ್ಕದಲ್ಲಿ ಅದು ಸಟೈವಾ ಆಗಬೇಕು. ಅಗಲ ಎಲೆ, ಗಿಡ್ಡ ಗಿಡ, ಬೇಗ ಹೂವು, ಇವೆಲ್ಲ ಅಫ್ಘಾನಿಸ್ತಾನದ ಗಿಡದ ಗುಣ. ತಮಾಷೆ ಏನಂದ್ರೆ, 1785ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಮಾರ್ಕ್ ‘ಇಂಡಿಕಾ’ ಅಂತ ಹೆಸರಿಟ್ಟಿದ್ದು ಭಾರತದಿಂದ ಹೋದ ಗಿಡ ನೋಡಿಯೇ, ಅಂದರೆ ಈ ಸಪೂರ ಎಲೆಯದ್ದನ್ನೇ. ಅಫ್ಘನ್ ಗಿಡಕ್ಕೆ ಆ ಹೆಸರು ಅಂಟಿದ್ದು 1970ರ ದಶಕದಲ್ಲಿ.

ಹಾಗಾಗಿ ‘ಇಂಡಿಕಾ ಕುಡಿದ್ರೆ ನಿದ್ದೆ, ಸಟೈವಾ ಕುಡಿದ್ರೆ ಹುರುಪು’ ಅನ್ನೋದೆಲ್ಲ ಅಂಗಡಿ ಮಾತು. 2015ರಲ್ಲಿ ಕೆನಡಾದ ಸಂಶೋಧಕರು ಡಿಎನ್‌ಎ ನೋಡಿದಾಗ, ಪೊಟ್ಟಣದ ಮೇಲಿನ ಇಂಡಿಕಾ–ಸಟೈವಾ ಪಾಲಿಗೂ ಒಳಗಿನ ವಂಶಕ್ಕೂ ಅಷ್ಟಾಗಿ ತಾಳೆಯಾಗಲಿಲ್ಲ. ಒಂದೇ ಹೆಸರಿನ ಎರಡು ಮಾದರಿಗಿಂತ ಬೇರೆ ಬೇರೆ ಹೆಸರಿನವೇ ಹತ್ತಿರದ ನೆಂಟರಾಗಿದ್ದ ಉದಾಹರಣೆಗಳೂ ಇದ್ದವು. ಪರಿಣಾಮ ಬೇಕಾದರೆ ಟಿಎಚ್‌ಸಿ (ಅಮಲು ತರೋ ವಸ್ತು) ಎಷ್ಟು, ಸಿಬಿಡಿ (ಅಮಲು ತರದ ವಸ್ತು) ಎಷ್ಟು ನೋಡಿ.

ಮಿಸ್ಸಿಸಾಗಾ_ಮಾವ
@ಬರ್ಲಿನ್_ಬಸ್ಯಾ ನಮ್ಮ ಗ್ಯಾರೇಜಿನಲ್ಲಿ ದೀಪ ಇಲ್ಲ. ಪಕ್ಕದ ಮನೆಯವನು ಜುಲೈನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ದೊಡ್ಡ ಎಲ್‌ಇಡಿ ಹಾಕಿಸಿದ್ದಾನೆ. ರಾತ್ರಿಯೆಲ್ಲ ಉರಿಯುತ್ತದೆ, ಗೋಡೆ ಮೇಲೆ ಬೆಳಕು ಬೀಳುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬರ್ಲಿನ್_ಬಸ್ಯಾ
ಸಂಬಂಧ ಅಲ್ಲೇ ಇರುವುದು ಗುರು! ಗಾಂಜಾ ಹಗಲು ಕಿರಿದಾದಾಗ ಹೂ ಬಿಡುವ ಗಿಡ, ಸೇವಂತಿಗೆಯ ಹಾಗೆ. ನಿಜ ಹೇಳಬೇಕೆಂದರೆ ಅದು ನೋಡುವುದು ಹಗಲನ್ನಲ್ಲ, ಕತ್ತಲನ್ನು. ರಾತ್ರಿ ಉದ್ದವಾಗುತ್ತಾ ಹೋದಂತೆ ಎಲೆಗೆ ಗೊತ್ತಾಗುತ್ತದೆ, ಅಲ್ಲಿಂದ ಮೊಗ್ಗಿಗೆ ಸುದ್ದಿ ಹೋಗುತ್ತದೆ. ಮಧ್ಯರಾತ್ರಿ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಜೂನ್ ತಿಂಗಳೇ. ಮನೆಯೊಳಗೆ ಬೆಳೆಸುವವರು ಅದಕ್ಕೇ 12 ಗಂಟೆ ಬೆಳಕು, 12 ಗಂಟೆ ಗಾಢ ಕತ್ತಲು ಅಂತ ಟೈಮರ್ ಇಟ್ಟುಕೊಳ್ಳುವುದು.

ಇನ್ನೊಂದು ಅಪಾಯವೂ ಇದೆ. ಅರೆಬರೆ ಕತ್ತಲಲ್ಲಿ ಗೊಂದಲಕ್ಕೆ ಬಿದ್ದ ಹೆಣ್ಣು ಗಿಡ ಅಲ್ಲೊಂದು ಇಲ್ಲೊಂದು ಗಂಡು ಹೂವನ್ನೂ ಬಿಡಬಹುದು. ಪರಾಗ ಹಾರಿದರೆ ಬೇಲಿ ಪಕ್ಕದ ಒಳ್ಳೆಯ ಗಿಡಗಳ ಗೊಂಚಲಿನಲ್ಲೂ ಬೀಜ ತುಂಬಿಕೊಳ್ಳುತ್ತದೆ.

ಹತ್ತಿ_ಹೊಲ
ದೀಪದ ಮ್ಯಾಲೆ ಎಲ್ಲಾ ಹಾಕಬ್ಯಾಡ್ರಿ ಬಸಣ್ಣ. ರಸ್ತೆ ದೀಪದ ಬುಡಕ ಬೆಳೆದು ಹೂ ಬಿಟ್ಟ ಗಿಡ ಬೇಕಾದಷ್ಟು ಅದಾವ. ತಳಿಯ ಗುಣ ಅನ್ನೋದು ಒಂದ ಇರ್ತದ.

ಬರ್ಲಿನ್_ಬಸ್ಯಾ
ಹಾಗಾದರೆ ಪರೀಕ್ಷೆ ಸುಲಭ. ಮಾವ, ಭೂತಗನ್ನಡಿ ತಗೊಂಡು ಆ ಎರಡು ಗಿಡದ ದೀಪದ ಕಡೆಯ ಕೊಂಬೆಯನ್ನೂ ನೆರಳು ಕಡೆಯ ಕೊಂಬೆಯನ್ನೂ ಬೇರೆ ಬೇರೆಯಾಗಿ ನೋಡಿ. ತಳಿಯ ಗುಣ ಆದರೆ ಎರಡೂ ಕಡೆ ಒಂದೇ ಥರ ಇರಬೇಕು.

ವಕೀಲೆ_ಬೆಂಗಳೂರು
ಈ ಚರ್ಚೆ ಓದಿ ಊರಲ್ಲಿರುವ ಯಾರಾದರೂ ತಾರಸಿ ಮೇಲೆ ಕುಂಡ ಇಡುವ ಮೊದಲು: 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. ಒಂದು ಕೆಜಿ ಒಳಗೆ ಕಡಿಮೆ ಶಿಕ್ಷೆ, 20 ಕೆಜಿ ಮೇಲೆ ಹೆಚ್ಚು ಅನ್ನುವ ಲೆಕ್ಕ ಒಣಗಿದ ಗಾಂಜಾ ಇಟ್ಟುಕೊಂಡವರಿಗೆ, ಗಿಡ ನೆಟ್ಟವರಿಗಲ್ಲ. ‘ಹತ್ತಿ ಸಾಲಿನ ನಡುವೆ ಒಂದೆರಡು ಗಿಡ ತಾನಾಗೇ ಹುಟ್ಟಿತ್ತು’ ಅಂತ ಬರುವ ಕಕ್ಷಿದಾರರನ್ನು ಎಷ್ಟೋ ಜನ ನೋಡಿದ್ದೇನೆ. ಆ ಗಿಡದ ಸುತ್ತ ಮಾತ್ರ ಪಾತಿ ಮಾಡಿ ನೀರು ಬಿಟ್ಟಿರುತ್ತಾರೆ, ಪಂಚನಾಮೆಯಲ್ಲಿ ಅದೇ ಮೊದಲು ಬರುತ್ತದೆ.

ಗಂಗಾವತಿ_ಗೌಡ್ರು
ಹಂಗಾದ್ರ ಭಂಗಿ ಹೆಂಗ್ರೀ ಮೇಡಂ? ಅದೂ ಅದ ಗಿಡದ್ದಲ್ಲೇನ್ರಿ?

ವಕೀಲೆ_ಬೆಂಗಳೂರು
ಅದೇ ಗಿಡ. ಆದರೆ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಅರ್ಜಿಯಲ್ಲಿ ಭಂಗಿಯ ಬಗ್ಗೆ ಇದೇ ನೆಲೆಯಲ್ಲಿ ಮಾತಾಡಿತು. ಅದನ್ನು ಹಿಡಿದುಕೊಂಡು ಗಿಡ ಬೆಳೆಸಲು ಹೋಗಬೇಡಿ, ಬೆಳೆಸುವುದಕ್ಕೆ ಬೇರೆಯದೇ ನಿಷೇಧ ಇದೆ.

ಗಂಗಾವತಿ_ಗೌಡ್ರು
ನಮ್ಮ ಕಡಿ ಆರೂಢರು, ಅವಧೂತರು ಚಿಲುಮಿ ಸೇದೋದು ಹೊಸಾದಲ್ಲ. ತಿಂಥಣಿ ಮೌನೇಶ್ವರ ಜಾತ್ರ್ಯಾಗ ಪ್ರಸಾದ ಅಂತ ಕೊಡ್ತಾರ ಅಂತ 2020ರಾಗ ಪೇಪರಿನ್ಯಾಗೂ ಬಂದಿತ್ತು. ಅವರು ಯಾರೂ ಇಂಡಿಕಾ ಸಟೈವಾ ಅಂತ ಕೇಳಿದ್ದಿಲ್ಲ ಬಿಡ್ರಿ.

ನಿವೃತ್ತ_ಮೇಷ್ಟ್ರು
ಸಾಧುಗಳ ಹೆಸರು ಹೇಳಿ ಸಾಫ್ಟ್‌ವೇರಿನವರು ಸೇದುವುದು ಬೇಡ.

ನರ್ಸ್_ಅಕ್ಕ
ಮೇಷ್ಟ್ರು ಸಿಟ್ಟಲ್ಲಿ ಹೇಳಿದರೂ ಒಂದು ವಿಷಯ ನಿಜ. ಜಾತ್ರೆಯ ಗಾಂಜಾನೂ ಈಗಿನ ಹೈಬ್ರಿಡ್ಡೂ ಒಂದೇ ಅಲ್ಲ. 90ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಹಿಡಿದ ಮಾಲಿನಲ್ಲಿ ಟಿಎಚ್‌ಸಿ ಸರಾಸರಿ 4% ಇತ್ತು. ಈಗ ಅಂಗಡಿಯಲ್ಲಿ ವೈಟ್ ವಿಡೋ ಡಬ್ಬಿ ಮೇಲೆ 20%ರ ಆಸುಪಾಸು ಬರೆದಿರುತ್ತಾರೆ. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲಿನ 11 ಕಡೆ ನಡೆದ ಅಧ್ಯಯನದಲ್ಲಿ, 10% ದಾಟಿದ ಮಾಲನ್ನು ದಿನವೂ ಸೇದುವವರಿಗೆ ಸೈಕೋಸಿಸ್ (ಭ್ರಮೆಗೆ ಬೀಳುವ ಮನೋರೋಗ) ಬರುವ ಸಂಭವ ಸೇದದವರಿಗಿಂತ ಹತ್ತಿರ ಹತ್ತಿರ ಐದು ಪಟ್ಟು ಕಂಡಿತ್ತು. ನಮ್ಮ ವಾರ್ಡಿಗೆ ಬರುವವರು ಬಹಳಷ್ಟು ಇಪ್ಪತ್ತರ ಆಚೀಚಿನ ಹುಡುಗರು. ‘ಇದು ಗಿಡ ತಾನೇ, ಏನಾಗುತ್ತೆ’ ಅಂತ ಅಪ್ಪ-ಅಮ್ಮನಿಗೇ ಹೇಳಿಕೊಡುತ್ತಾರೆ.

ಗಿಡಮೂಲಿಕೆ
+1. ಅದಕ್ಕೇ ಸಿಬಿಡಿ ಜಾಸ್ತಿ ಇರುವ ತಳಿಗಳೂ ಬಂದಿರೋದು. ಟಿಎಚ್‌ಸಿ, ಸಿಬಿಡಿ ಎರಡಕ್ಕೂ ಮೂಲವಸ್ತು ಒಂದೇ. ಯಾವ ಕಿಣ್ವದ ಜೀನ್ ಯಾರಿಂದ ಬಂತು ಅನ್ನೋದರ ಮೇಲೆ ಅದು ಆ ಕಡೆಗೋ ಈ ಕಡೆಗೋ ತಿರುಗುತ್ತೆ. ಅಪ್ಪನಿಂದ ಒಂದು ಅಮ್ಮನಿಂದ ಇನ್ನೊಂದು ಬಂದರೆ ಎರಡೂ ಇರುವ ಗಿಡ. ವೈಟ್ ವಿಡೋದಲ್ಲಿ ಸಿಬಿಡಿ ಇಲ್ಲ ಅನ್ನುವಷ್ಟು ಕಮ್ಮಿ.

ಕೋಲಾರದ_ಕುಡಿ
ವಿಡೋ ಅಂತ ಯಾಕೆ ಹೆಸರು? ಗಂಡು ಗಿಡ ಕಿತ್ತಾಕ್ತಾರೆ ಅಂತಲಾ 😂

ಬರ್ಲಿನ್_ಬಸ್ಯಾ
ಬಿಳಿ ಅನ್ನೋದು ಅಂಟಿನ ಬಣ್ಣದಿಂದ. ಹೂವಿನ ಸುತ್ತಲಿನ ಪುಟ್ಟ ಎಲೆಗಳ ಮೇಲೆಲ್ಲ ಅಂಟು ತುಂಬಿದ ಕೂದಲು ಎಷ್ಟು ದಟ್ಟ ಇರುತ್ತದೆಂದರೆ ದೂರದಿಂದ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕೂದಲಿಗೂ ಒಂದು ಕಾಂಡ, ತುದಿಯಲ್ಲಿ ಉರುಟು ತಲೆ. ಕೊಯ್ಲಿನ ಹೊತ್ತು ಗೊತ್ತಾಗುವುದು ಆ ತಲೆಯಿಂದಲೇ: ಮೊದಲು ಗಾಜಿನಂತೆ ತಿಳಿ, ಆಮೇಲೆ ಹಾಲಿನ ಬಣ್ಣ, ಬಲಿತಂತೆ ಜೇನಿನ ಬಣ್ಣ. ಹೆಚ್ಚಿನವು ಹಾಲಾಗಿ, ಕೆಲವು ಜೇನಾದಾಗ ಕೊಯ್ಯುತ್ತಾರೆ.

ಮಲೆನಾಡ_ಮಳೆ
ಗಂಡು ಗಿಡ ಕೀಳೋದು ಅಂದಾಗ ನೆನಪಾಯ್ತು. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್ ಸೀಮೆಯಲ್ಲಿ (ಈಗ ಬಾಂಗ್ಲಾದೇಶ) ಸರ್ಕಾರಿ ಲೈಸೆನ್ಸಿನಲ್ಲೇ ಗಾಂಜಾ ಬೆಳೀತಿದ್ರು. ಅಲ್ಲಿ ಹೊಲಕ್ಕೆ ‘ಪೋದ್ದಾರ್’ ಅಂತ ಒಬ್ಬ ಬರ್ತಿದ್ದ. ಸಾಲುಗಳ ನಡುವೆ ಓಡಾಡ್ತಾ, ಹೂ ಅರಳೋಕೆ ಮೊದಲೇ ಗಂಡು ಗಿಡ ಗುರುತಿಸಿ ಕಿತ್ತುಹಾಕೋದೇ ಅವನ ಕಸುಬು. 1893–94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗದ ವರದಿಯಲ್ಲಿ ಇದರ ವಿವರ ಉಂಟು. ಬೀಜವಿಲ್ಲದ ಹೂವನ್ನ ಅಮೆರಿಕದವರು ಕಂಡುಹಿಡಿದ್ರು ಅನ್ನೋರಿಗೆ ಇದನ್ನ ಓದಿಸಬೇಕು.

ಹತ್ತಿ_ಹೊಲ
ಬೀಜ ಕಟ್ಟಲಿಲ್ಲ ಅಂದ್ರ ಹೆಣ್ಣು ಗಿಡ ಹೂವಿನ ಮ್ಯಾಲೆ ಹೂವು ಬಿಡ್ತಾ, ಅಂಟು ಸುರಿಸ್ತಾ ಹೋಗ್ತದ. ಆ ಪೋದ್ದಾರಗ ಇದು ಗೊತ್ತಿತ್ತು. ಚಲೋ ಮಾಹಿತಿ.

ಮಿಸ್ಸಿಸಾಗಾ_ಮಾವ
ಈಗಷ್ಟೇ ನೋಡಿ ಬಂದೆ. ದೀಪದ ಕಡೆಯ ಕೊಂಬೆಗಳಲ್ಲಿ ಏನೂ ಇಲ್ಲ, ಬರೀ ಎಲೆ. ಎರಡನೇ ಗಿಡದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಇಡುವ ತಗಡಿನ ಶೆಡ್ ಇದೆ, ಅದರ ನೆರಳು ಬೀಳುವ ಕೆಳಗಿನ ಕೊಂಬೆಗಳಲ್ಲಿ ಪ್ರತಿ ಗೆಣ್ಣಿಗೂ ಜೋಡಿ ಬಿಳಿ ಎಳೆ! ಒಂದೇ ಗಿಡ, ಎರಡು ಕಡೆ ಎರಡು ಋತು. ಗಂಡು ಹೂವಿನ ಉರುಟು ಚೀಲ ಎಲ್ಲೂ ಕಾಣಲಿಲ್ಲ.

ಬರ್ಲಿನ್_ಬಸ್ಯಾ
😎

ಹತ್ತಿ_ಹೊಲ
ಶೆಡ್ಡಿನ ಗಿಡಕ್ಕ ದೀಪ ಕಾರಣ, ಒಪ್ಪಿದೆ. ಆದರ ಬೇಲಿ ಕಡೆ ಇರೋ ಎರಡೂ ಒಂದ ಹೊತ್ತಿಗೆ ಮಾಗ್ತಾವ ಅಂತ ತಿಳ್ಕೋಬ್ಯಾಡ್ರಿ, ನೋಡ್ತಿರ್ರಿ.

ಕುಡ್ಲದ_ಕುಳ್ಳ
ಪಕ್ಕದ ಮನೆಯವನಿಗೆ ಎಂತ ಹೇಳುವುದು ಈಗ? ‘ಸ್ವಾಮಿ, ನಮ್ಮ ಗಾಂಜಾಕ್ಕೆ ನಿದ್ದೆ ಬರುವುದಿಲ್ಲ, ದೀಪ ಆರಿಸಿ’ ಅಂತಲಾ?

ವ್ಯಾಂಕೂವರ್_ವೀಣಾ
ಇಲ್ಲಿ ಹಾಗೆ ಹೇಳಿದರೂ ಯಾರೂ ಆಶ್ಚರ್ಯ ಪಡಲ್ಲ. ಮನುಷ್ಯ ಓಡಾಡಿದಾಗ ಮಾತ್ರ ಹತ್ತುವ ಸೆನ್ಸರ್ ಹಾಕಿಸಿಕೊಳ್ಳಿ ಅಂತ ಕೇಳಿ, ವಿದ್ಯುತ್ ಬಿಲ್ ಉಳಿಯುತ್ತೆ ಅನ್ನಿ.

ಆದರೆ ಮಾವ, ಆ ಎರಡು ಗಿಡದ ಆಸೆ ಬಿಡಿ. ಇವತ್ತೇ ಕತ್ತಲು ಸಿಕ್ಕರೂ ಅಲ್ಲಿಂದ 8–9 ವಾರ ಅಂದರೆ ನವೆಂಬರ್ ಮಧ್ಯ. ನಿಮ್ಮಲ್ಲಿ ಅಷ್ಟರೊಳಗೆ ಹಿಮ ಸುರಿದಿರುತ್ತೆ. ಶೆಡ್ ಕಡೆಯ ಕೊಂಬೆಗಳಲ್ಲಿ ಏನಾದರೂ ಸಿಕ್ಕರೆ ಲಾಭ. ನಿಮ್ಮ ಗಮನ ಬೇಲಿ ಪಕ್ಕದ ಎರಡರ ಮೇಲಿರಲಿ. ಸೆಪ್ಟೆಂಬರ್ ಕೊನೆಯ ಮಳೆ, ರಾತ್ರಿಯ ತಂಪು ಎರಡೂ ಸೇರಿದರೆ ಬೂದು ಬೂಷ್ಟು ಹಿಡಿಯುತ್ತೆ, ದ್ರಾಕ್ಷಿ ಗೊಂಚಲಿಗೆ ಹಿಡಿಯುವ ಬೊಟ್ರೈಟಿಸ್ಸೇ. ಮೊದಲು ಗೊಂಚಲಿನ ನಡುವೆ ಒಂದೇ ಒಂದು ಎಲೆ ಕಂದಾಗಿ ಒಣಗಿರುತ್ತೆ, ಮೆಲ್ಲಗೆ ಎಳೆದರೆ ಕೈಗೇ ಬರುತ್ತೆ. ಅಲ್ಲಿ ಬಿಡಿಸಿ ನೋಡಿದರೆ ಒಳಗೆಲ್ಲ ಕೊಳೆತಿರುತ್ತೆ. ಅಂಥದ್ದನ್ನು ಆರೋಗ್ಯವಾಗಿರುವ ಭಾಗದವರೆಗೂ ಕತ್ತರಿಸಿ ಬಿಸಾಡಿ, ಕತ್ತರಿ ಸ್ಪಿರಿಟ್ಟಿನಲ್ಲಿ ಒರೆಸಿ. ಬೂಷ್ಟು ಹಿಡಿದ ಹೂವನ್ನು ‘ಒಣಗಿಸಿದರೆ ಸರಿಹೋಗುತ್ತೆ’ ಅಂತ ಇಟ್ಟುಕೊಳ್ಳಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಳೆ ಬಂದ ಬೆಳಿಗ್ಗೆ ಗಿಡ ಅಲ್ಲಾಡಿಸಿ ನೀರು ಉದುರಿಸಿ, ಒಳಗಿನ ದೊಡ್ಡ ಎಲೆ ಕೆಲವು ತೆಗೆದು ಗಾಳಿಯಾಡಲು ಬಿಡಿ. ವೈಟ್ ವಿಡೋ ತಂಪು ತಡೆಯುತ್ತೆ ಅಂತ ಹೆಸರಿದೆ, ಆದರೆ ಗೊಂಚಲು ದಟ್ಟ, ಬೂಷ್ಟಿಗೆ ಅದೇ ಬೇಕು.

ಮಿಸ್ಸಿಸಾಗಾ_ಮಾವ
ಇಂಥದ್ದೇ ಬೇಕಿತ್ತು ವೀಣಾ ಅವರೇ. ಮುಂದಿನ ವರ್ಷಕ್ಕೆ ಆಟೋ ಹಾಕು ಅಂತ ಅಂಗಡಿಯವಳು ಹೇಳುತ್ತಾಳೆ. ಅದೇನು?

ಗಿಡಮೂಲಿಕೆ
ರಷ್ಯಾ, ಮಧ್ಯ ಏಷ್ಯಾದ ಬೀಳು ಜಮೀನುಗಳಲ್ಲಿ ತಾನಾಗೇ ಬೆಳೆಯುವ ರುಡೆರಾಲಿಸ್ ಅಂತ ಒಂದು ಬಗೆ ಇದೆ. ಬೇಸಿಗೆ ಚಿಕ್ಕದಾದ ಕಡೆಯದ್ದು, ಹಗಲು ಎಷ್ಟುದ್ದ ಅಂತ ಕಾಯಲ್ಲ, ವಯಸ್ಸಾದ ಕೂಡಲೇ ಹೂ ಬಿಟ್ಟುಬಿಡುತ್ತೆ. ಅದನ್ನು ಬೇರೆ ತಳಿಗಳಿಗೆ ಕೂಡಿಸಿದ್ದೇ ಆಟೋಫ್ಲವರ್. ಪಕ್ಕದವನ ದೀಪ ಉರಿದರೂ ಅದಕ್ಕೆ ಲೆಕ್ಕಕ್ಕಿಲ್ಲ, ಬೀಜ ಮೊಳೆತ ಎರಡೂವರೆ–ಮೂರು ತಿಂಗಳಲ್ಲಿ ಕೊಯ್ಲು. ಗಿಡ ಗಿಡ್ಡ, ಇಳುವರಿ ಕಮ್ಮಿ. ತುದಿ ಚಿವುಟಿ ಕೊಂಬೆ ಹೆಚ್ಚಿಸೋಕೂ ಸಮಯ ಸಿಗಲ್ಲ.

ಹತ್ತಿ_ಹೊಲ
ನಾನಾದ್ರ ಆಟೋ ಬ್ಯಾಡ ಅಂತೀನಿ. ಜಾಗ ಬದಲಿ ಮಾಡ್ರಿ, ತಳಿ ಅಲ್ಲ.

ಟೊರೊಂಟೊ_ತಮ್ಮ
ಪಕ್ಕದ ಊರಿನವನಾಗಿ ಒಂದು ಎಚ್ಚರಿಕೆ. ನಾಲ್ಕು ಗಿಡ ಅನ್ನೋದು ಮನೆಗೆ, ತಲೆಗಲ್ಲ. ನೆಲಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗರು ‘ನಮಗೂ ನಾಲ್ಕು’ ಅಂತ ಶುರುಮಾಡಿದರೆ ಕಥೆ ಮುಗೀತು. ಮಿತಿ ದಾಟಿ ಬೆಳೆಸಿದ್ದಕ್ಕೆ ಗರಿಷ್ಠ ಶಿಕ್ಷೆ 14 ವರ್ಷದವರೆಗೆ ಇದೆ. ಪಿಆರ್ (ಕಾಯಂ ವಾಸದ ಪರವಾನಗಿ) ಮೇಲಿರುವವರಿಗೆ ಗಂಭೀರ ಅಪರಾಧದ ಲೆಕ್ಕಕ್ಕೆ ಬಂದು ದೇಶದಲ್ಲಿರುವ ಹಕ್ಕಿಗೇ ಕುತ್ತು ಬರಬಹುದು. ಕ್ವಿಬೆಕ್‌ನಲ್ಲಂತೂ ಮನೆಯಲ್ಲಿ ಒಂದು ಗಿಡವೂ ಇಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಮೆರಿಕದ ಗಡಿಗೆ ಹೋಗುವಾಗ ಕಾರಲ್ಲಿ ಒಂದು ಚೂರೂ ಇರಬಾರದು.

ಬರ್ಲಿನ್_ಬಸ್ಯಾ
ಜರ್ಮನಿಯಲ್ಲಿ ತಲೆಗೇ ಲೆಕ್ಕ. 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ತಲಾ ಮೂರು ಗಿಡ. ಆದರೆ ಬೆಳೆದದ್ದನ್ನು ಸ್ನೇಹಿತನಿಗೆ ಪುಕ್ಕಟೆ ಕೊಡುವುದಕ್ಕೂ ಇಲ್ಲ. ಇಲ್ಲಿಯವರಿಗೆ ನಿಯಮ ಅಂದರೆ ಅಷ್ಟು ಪ್ರೀತಿ.

ಕೆಂಗೇರಿ_ಕಿಟ್ಟಿ
ನಮ್ಮ ಹುಡುಗರು ಬ್ಯಾಂಕಾಕಿಂದ ‘ಹೈಡ್ರೋ’ ತರ್ತೀವಿ ಅಂತ ಹೋಗಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳೋ ಸುದ್ದಿ ಬರ್ತಾನೇ ಇರುತ್ತೆ. ಹೈಡ್ರೋ ಅಂದ್ರೆ ಬೇರೆ ತಳಿನಾ?

ಗಿಡಮೂಲಿಕೆ
ತಳಿ ಅಲ್ಲ. ಮಣ್ಣಿಲ್ಲದೆ ಪೋಷಕಾಂಶದ ನೀರಲ್ಲಿ, ಒಳಾಂಗಣ ದೀಪದಲ್ಲಿ ಬೆಳೆಸೋ ವಿಧಾನ. ಯಾವ ಹೈಬ್ರಿಡ್ ಬೇಕಾದರೂ ಹಾಗೆ ಬೆಳೆಸಬಹುದು. ಥೈಲ್ಯಾಂಡಿನಲ್ಲಿ 2022ರಲ್ಲಿ ನಿಷೇಧ ತೆಗೆದ ಮೇಲೆ ಅಗ್ಗವಾಯ್ತು, ಈಗ 2025ರಿಂದ ಅಲ್ಲೂ ವೈದ್ಯರ ಚೀಟಿ ಬೇಕು.

ನಿರ್ವಾಹಕರು
ತರುವುದು, ಸಾಗಿಸುವುದು, ಎಲ್ಲಿ ಸಿಗುತ್ತದೆ ಎಂಬ ಮಾತು ಇಲ್ಲಿ ಬೇಡ. ಮೂರು ಪ್ರತಿಕ್ರಿಯೆ ಅಳಿಸಿದ್ದೇವೆ. ಗಿಡದ ಚರ್ಚೆ ಮುಂದುವರಿಯಲಿ.

ಮಿಸ್ಸಿಸಾಗಾ_ಮಾವ
ಬೀಜದ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ.

ಹತ್ತಿ_ಹೊಲ
ಕೊಡ್ತೀನಿ. ಬೀಜ ಆಗಬೇಕಂದ್ರ ಪರಾಗ ಬೇಕು. ಗಂಡು ಗಿಡ ಇಟ್ಟರ ಅದೂ ನಿಮ್ಮ ನಾಲ್ಕರಾಗ ಒಂದು. ಅದರ ಪರಾಗ ಉಳಿದ ಮೂರರ ಹೂವು ಕೆಡಿಸ್ತದ, ನಿಮ್ಮ ಓಣಿಯಾಗ ಯಾರಾದ್ರೂ ಬೆಳೆದಿದ್ರ ಅವರದ್ದೂ ಕೆಡ್ತದ. ಇಷ್ಟಾಗಿ ಬಂದ ಬೀಜ ಬಿತ್ತಿದರ ಒಂದು ಉದ್ದ, ಒಂದು ಗಿಡ್ಡ, ಒಂದು ಅಕ್ಟೋಬರ್‌ನಾಗ, ಒಂದು ನವೆಂಬರ್‌ನಾಗ. ಈಗಿನಕಿಂತ ಹೆಚ್ಚಿಗಿ ಚೆದುರ್ತಾವ. ನಿಮಗ ಈಗಿರೋ ಚಲೋ ಗಿಡಾನ ಬೇಕಂದ್ರ ಹೂವಿಗಿಂತ ಮೊದಲ, ಜುಲೈದಾಗ, ಎಳೆ ಕೊಂಬಿ ಕತ್ತರಿಸಿ ಬೇರು ಬರಿಸಬೇಕಾಗಿತ್ತು. ಕಡ್ಡಿಯಿಂದ ಬಂದದ್ದು ತಾಯಿಯ ಪಡಿಯಚ್ಚು. ಆದರ ಅದಕ್ಕ ಚಳಿಗಾಲ ಪೂರ್ತಿ ಮನಿಯೊಳಗ ದೀಪ ಉರಿಸಬೇಕು, ಕಡ್ಡಿಗಳೂ ನಾಲ್ಕರ ಲೆಕ್ಕಕ್ಕ ಬರ್ತಾವ.

ವ್ಯಾಂಕೂವರ್_ವೀಣಾ
ಮತ್ತೆ ಯಾರ ಹತ್ತಿರವೋ ಕಡ್ಡಿ ಇಸಕೊಂಡು ತರುವುದೂ ಬೇಡ. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯಿಂದ ಬಂದ ಒಂದು ವೈರಾಯ್ಡ್ (ವೈರಸ್ಸಿಗಿಂತಲೂ ಸಣ್ಣ ರೋಗಕಾರಕ) ಈಗ ಗಾಂಜಾ ಕಡ್ಡಿಗಳಲ್ಲಿ ಎಲ್ಲೆಡೆ ಹಬ್ಬಿದೆ. ಗಿಡ ನೋಡಲು ಚೆನ್ನಾಗೇ ಇರುತ್ತೆ, ಹೂವಿನ ಹೊತ್ತಿಗೆ ಅಂಟೇ ಇರಲ್ಲ. ಒಂದೇ ಕತ್ತರಿಯಲ್ಲಿ ಎಲ್ಲ ಗಿಡ ಸವರಿದರೆ ಎಲ್ಲಕ್ಕೂ ದಾಟುತ್ತೆ.

ಟೊರೊಂಟೊ_ತಮ್ಮ
ವಾಸನೆ ಬಗ್ಗೆ ಯಾರೂ ಹೇಳಲಿಲ್ಲ. ಒಣಗಿಸೋಕೆ ನೆಲಮಾಳಿಗೆಯಲ್ಲಿ ತೂಗುಹಾಕಿದ್ರೆ ಕೋಟು, ರೇಷ್ಮೆ ಸೀರೆ ಎಲ್ಲಕ್ಕೂ ಹತ್ತುತ್ತೆ. ಹೋದ ವರ್ಷ ರಾಜ್ಯೋತ್ಸವದಲ್ಲಿ ಯಾರೋ ಒಬ್ಬರು ಒಳಗೆ ಬಂದಕೂಡಲೇ ಸಭಾಂಗಣದ ಅರ್ಧ ಜನ ತಿರುಗಿ ನೋಡಿದ್ರು.

ನಿವೃತ್ತ_ಮೇಷ್ಟ್ರು
ಅದಕ್ಕೇ ಹೇಳಿದ್ದು, ಮೆಂತ್ಯ.

ಮಿಸ್ಸಿಸಾಗಾ_ಮಾವ
ಸೀರೆಗಳಿರುವ ಕೋಣೆಯ ಹತ್ತಿರವೂ ಬಿಡಲ್ಲ ಅಂತ ಮನೆಯವಳು ಆಗಲೇ ಹೇಳಿದ್ದಾಳೆ. ಶೆಡ್ಡಿನಲ್ಲಿ ಒಣಗಿಸಬಹುದಾ? ಅಲ್ಲಿ ಕತ್ತಲಿದೆ, ಆದರೆ ಹಗಲು ತಗಡು ಕಾಯುತ್ತದೆ.

ವ್ಯಾಂಕೂವರ್_ವೀಣಾ
ಅಕ್ಟೋಬರಿನಲ್ಲಿ ಅಷ್ಟೇನೂ ಕಾಯಲ್ಲ. ತೇವದ್ದೇ ಭಯ. ಸಣ್ಣ ಫ್ಯಾನ್ ಇಡಿ, ಗಾಳಿ ನೇರ ಹೂವಿಗೆ ಬಡಿಯದಿರಲಿ. ಕಡ್ಡಿ ಬಗ್ಗಿಸಿದರೆ ಲಟಕ್ ಅಂತ ಮುರಿಯುವವರೆಗೆ ಬಿಡಿ, ಆಮೇಲೆ ಗಾಜಿನ ಜಾಡಿ. ಬೀಗ ಹಾಕುವುದು ಮರೆಯಬೇಡಿ, ಹುಲ್ಲು ಕತ್ತರಿಸಲು ಬರುವ ಹುಡುಗ ಹದಿನೆಂಟು ತುಂಬದವನಾಗಿದ್ದರೆ ಇನ್ನೂ ಕಷ್ಟ.